ಊರಿನ ಲೆಕ್ಕದಲ್ಲಿ ನಮ್ಮ ಕೇರಿ ಎಲ್ಲಿದೆ?

(ಸಂಘದ ವಾರ್ಷಿಕೋತ್ಸವದ ವಿದ್ಯಾರ್ಥಿ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)





ಸಂಘದವರು ನನಗೆ ಕೊಟ್ಟಿರುವ ವಿಷಯ ‘ವಿದ್ಯಾರ್ಥಿಗಳ ಪ್ರಾಜೆಕ್ಟಿನಲ್ಲಿ ಮುಕ್ತ ಸಂಶೋಧನಾ ದತ್ತಾಂಶದ ಬಳಕೆ’. ಹೆಸರು ಕೇಳಿದರೇ ಭಯ ಆಗುತ್ತದೆ. ನಿನ್ನೆ ರಾತ್ರಿ ಈ ಮಾತುಗಳನ್ನು ಬರೆದುಕೊಳ್ಳುತ್ತಾ ಕೂತಿದ್ದಾಗ ನಮ್ಮವ್ವ ಕೇಳಿದರು, “ದತ್ತಾಂಶ ಅಂದ್ರ ಏನ್ ಕೂಸೆ?” ನಾನು ಹೇಳಿದೆ, “ಲೆಕ್ಕ ಕಣವ್ವ. ಮನೆಮನೆಗ ಬಂದು ಎಷ್ಟು ಜನ, ಏನ್ ಕೆಲಸ, ಯಾವ ಜಾತಿ ಅಂತ ಬರ್ಕೊಂಡು ಹೋಯ್ತಾರಲ್ಲ, ಆ ಲೆಕ್ಕ.” ಅದಕ್ಕೆ ಅವ್ವ ಹೇಳಿದ ಮಾತು ಇದು: “ಬರ್ಕೊಂಡು ಹೋದವರು ಬಾಳ ಜನ. ತಿರುಗಿ ಬಂದು, ಇದು ನಿಮ್ ಲೆಕ್ಕ ಕಣಮ್ಮ ಅಂತ ಹೇಳಿದವರು ಒಬ್ಬರೂ ಇಲ್ಲ.”

ಈವತ್ತು ನಾನು ಹೇಳಬೇಕು ಅಂತಿರುವುದೂ ಇದನ್ನೇ. ನಮ್ಮಿಂದ ಬರೆದುಕೊಂಡು ಹೋದ ಲೆಕ್ಕ ಎಲ್ಲಿದೆ, ಅದನ್ನು ನಾವು ಹೇಗೆ ವಾಪಸ್ ತರಬಹುದು, ತಂದ ಮೇಲೆ ಅದನ್ನು ಹೇಗೆ ಓದಬೇಕು. ಓದಿದ ಮೇಲೆ ಅದರಲ್ಲಿ ಏನು ಇಲ್ಲವೋ ಅದನ್ನು ನಾವೇ ಹೇಗೆ ಬರೆಯಬೇಕು. ಇಷ್ಟೇ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಬಿ.ಎ.ಗೆ ಸೇರಿದ ಮೊದಲ ವರ್ಷ ಒಂದು ಪ್ರಾಜೆಕ್ಟ್ ಬರೆಯಲು ಹೇಳಿದರು. ವಿಷಯ ‘ಗ್ರಾಮೀಣ ಮಹಿಳೆಯರ ಸ್ಥಿತಿಗತಿ’. ನಾನೇನು ಮಾಡಿದೆ? ಎಲ್ಲರೂ ಮಾಡುವುದನ್ನೇ ಮಾಡಿದೆ. ಜೆರಾಕ್ಸ್ ಅಂಗಡಿಯಲ್ಲಿ ಹಳೇ ಪ್ರಾಜೆಕ್ಟುಗಳ ಕಟ್ಟು ಇರುತ್ತದೆ. ದುಡ್ಡು ಕೊಟ್ಟರೆ ಹೆಸರು, ರಿಜಿಸ್ಟರ್ ನಂಬರ್ ಬದಲಾಯಿಸಿ, ಸ್ಪೈರಲ್ ಬೈಂಡಿಂಗ್ ಮಾಡಿ ಕೊಡುತ್ತಾರೆ. ತಂದು ಕೊಟ್ಟೆ. ಮೌಖಿಕ ಪರೀಕ್ಷೆಯಲ್ಲಿ ಮೇಡಂ ಒಂದು ಪುಟ ತೆಗೆದು, ಒಂದು ಸಂಖ್ಯೆ ಮೇಲೆ ಬೆರಳಿಟ್ಟು, “ಇದು ಎಲ್ಲಿಂದ ಬಂತಮ್ಮ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಬೈಯಲಿಲ್ಲ. ಇಷ್ಟೇ ಹೇಳಿದರು: “ನಿಮ್ಮೂರಲ್ಲಿ ಹೆಂಗಸರಿಲ್ಲವಾ?”

ಆವತ್ತು ಬಸ್ಸಲ್ಲಿ ತಾಳವಾಡಿಗೆ ಬರುವಾಗ ದಾರಿಯುದ್ದಕ್ಕೂ ಅದೇ ಮಾತು. ನಮ್ಮವ್ವ ಬೆಳಗ್ಗೆ ಎದ್ದು ಕೂಲಿಗೆ ಹೋಗಿ ಸಾಯಂಕಾಲ ಬರುತ್ತಾರೆ. ನಾನು ಯಾವುದೋ ಊರಿನ ಹೆಂಗಸರ ಬಗ್ಗೆ ಯಾರೋ ಬರೆದಿದ್ದನ್ನು ನನ್ನ ಹೆಸರಲ್ಲಿ ಕೊಟ್ಟು ಮಾರ್ಕ್ಸ್ ತೆಗೆದುಕೊಳ್ಳಲು ಹೋಗಿದ್ದೆ.

ಸರಿ, ಮುಕ್ತ ದತ್ತಾಂಶ ಅಂದರೆ ಏನು? ಸರ್ಕಾರ ಅಥವಾ ಸಂಶೋಧಕರು ಕಲೆ ಹಾಕಿದ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು, ಇಳಿಸಿಕೊಳ್ಳಬಹುದು, ತಮ್ಮ ಕೆಲಸಕ್ಕೆ ಬಳಸಬಹುದು. ಯಾರ ಕೈಕಾಲೂ ಹಿಡಿಯಬೇಕಾಗಿಲ್ಲ. ಎಲ್ಲಿಂದ ತೆಗೆದುಕೊಂಡೆವು ಅಂತ ಹೆಸರು ಹೇಳಬೇಕು, ಅಷ್ಟೆ. ಕೇಂದ್ರ ಸರ್ಕಾರ 2012ರಲ್ಲಿ ಇದಕ್ಕೆ ಒಂದು ನೀತಿ ಮಾಡಿತು. ಅದರ ಪ್ರಕಾರ ಇಲಾಖೆಗಳ ಲೆಕ್ಕಗಳನ್ನು ಒಂದೇ ಕಡೆ ಹಾಕಲು ಡೇಟಾ ಡಾಟ್ ಗೌ ಡಾಟ್ ಇನ್ ಎಂಬ ತಾಣ ಶುರುವಾಯಿತು. 2017ರಲ್ಲಿ ಅದಕ್ಕೊಂದು ಪರವಾನಗಿಯನ್ನೂ ಪ್ರಕಟಿಸಿದರು. ಮೂಲದ ಹೆಸರು ಹೇಳಿ ಬಳಸಿಕೊಳ್ಳಿ ಎನ್ನುವ ಪರವಾನಗಿ. ಅಂದರೆ ಇದು ಕದ್ದು ನೋಡುವ ವಸ್ತುವಲ್ಲ, ನಮ್ಮ ತೆರಿಗೆಯಲ್ಲಿ ನಮ್ಮ ಬಗ್ಗೆಯೇ ಮಾಡಿದ ಲೆಕ್ಕ.

ಬಿ.ಎ. ಓದುವವರಿಗೆ, ಪಿ.ಯು.ಸಿ., ಪ್ಲಸ್ ಟೂ ಓದುವವರಿಗೂ, ಉಪಯೋಗಕ್ಕೆ ಬರುವ ಕೆಲವನ್ನು ಹೇಳುತ್ತೇನೆ. ತಮ್ಮಂದಿರು ಬರೆದುಕೊಳ್ಳಿ.

ಒಂದು, ಜನಗಣತಿ. 2011ರ ಜನಗಣತಿಯಲ್ಲಿ ಪ್ರತಿಯೊಂದು ಊರಿಗೂ ಒಂದು ಸಾಲು ಇದೆ. ಎಷ್ಟು ಮನೆ, ಎಷ್ಟು ಗಂಡಸರು, ಎಷ್ಟು ಹೆಂಗಸರು, ಎಷ್ಟು ಪರಿಶಿಷ್ಟ ಜಾತಿ, ಎಷ್ಟು ಪರಿಶಿಷ್ಟ ಪಂಗಡ, ಓದು ಬಲ್ಲವರು ಎಷ್ಟು, ಸ್ವಂತ ಬೇಸಾಯಗಾರರು ಎಷ್ಟು, ಕೃಷಿ ಕೂಲಿಗಳು ಎಷ್ಟು, ಎಲ್ಲವೂ ಅದರಲ್ಲಿದೆ. ಅದರ ಜೊತೆಗೆ ಜಿಲ್ಲಾ ಜನಗಣತಿ ಕೈಪಿಡಿ ಅಂತ ಇದೆ. ಅದರಲ್ಲಿ ಊರಿನಲ್ಲಿ ಶಾಲೆ, ಆಸ್ಪತ್ರೆ, ನಲ್ಲಿ ನೀರು, ಬಸ್ಸು, ಅಂಚೆ ಇದೆಯೋ ಇಲ್ಲವೋ ಅಂತ ಇರುತ್ತದೆ. ಇಲ್ಲದಿದ್ದರೆ ಎಷ್ಟು ದೂರದಲ್ಲಿದೆ ಅಂತಲೂ ಇರುತ್ತದೆ.

ಎರಡು, ಶಾಲೆಗಳ ಲೆಕ್ಕ. ಯುಡೈಸ್ ಪ್ಲಸ್ ಅಂತ ಹೆಸರು. ಒಂದೊಂದು ಶಾಲೆಗೂ ಒಂದು ಕೋಡ್ ಇದೆ. ಎಷ್ಟು ಮಕ್ಕಳು, ಎಷ್ಟು ಮೇಷ್ಟ್ರು, ಎಷ್ಟು ಕೊಠಡಿ, ಶೌಚಾಲಯ ಇದೆಯೇ ಎಂದು ನೋಡಬಹುದು.

ಮೂರು, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಐದನೆಯದು 2019ರಿಂದ 21ರವರೆಗೆ ನಡೆಯಿತು. ಹೆಂಗಸರ ರಕ್ತಹೀನತೆ, ಮಕ್ಕಳ ತೂಕ, ಹೆರಿಗೆ ಎಲ್ಲಾಯಿತು ಎನ್ನುವುದೆಲ್ಲ ಜಿಲ್ಲೆಯ ಮಟ್ಟದಲ್ಲಿ ಸಿಗುತ್ತದೆ. ಈರೋಡು ಜಿಲ್ಲೆಗೂ ಇದೆ, ಚಾಮರಾಜನಗರ ಜಿಲ್ಲೆಗೂ ಇದೆ. ನಾವು ಗಡಿಯಲ್ಲಿರುವವರು, ಎರಡನ್ನೂ ಪಕ್ಕದಲ್ಲಿಟ್ಟು ನೋಡಬಹುದು.

ನಾಲ್ಕು, ಕೃಷಿ ಗಣತಿ. ಜಮೀನು ಯಾರ ಕೈಯಲ್ಲಿ ಎಷ್ಟಿದೆ ಎನ್ನುವುದನ್ನು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರರು ಎಂದು ಬೇರೆಬೇರೆ ಮಾಡಿ ಕೊಡುವ ಲೆಕ್ಕ ಇದು. ಭೂಮಿಯ ಬಗ್ಗೆ ಪ್ರಾಜೆಕ್ಟ್ ಮಾಡುವವರು ಇದನ್ನು ಬಿಡಬಾರದು.

ಐದು, ಶೋಧಗಂಗಾ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಅಲ್ಲಿ ಉಚಿತವಾಗಿ ಸಿಗುತ್ತವೆ, ಕನ್ನಡದಲ್ಲಿ ಬರೆದವೂ ಇವೆ. ನಮ್ಮ ಕಡೆಯ ಸೋಲಿಗರ ಬಗ್ಗೆ, ದಲಿತರ ಬಗ್ಗೆ ಯಾರು ಏನು ಬರೆದಿದ್ದಾರೆ ಎಂದು ಹುಡುಕಿ ಓದಬಹುದು. ಓದಿ, ಅವರ ಹೆಸರು ಹೇಳಿ ಬಳಸಬಹುದು. ಕಾಪಿ ಹೊಡೆಯುವುದಕ್ಕಲ್ಲ.

ಇಷ್ಟನ್ನೂ ಒಂದು ಮೊಬೈಲಿನಲ್ಲಿ ನೋಡಬಹುದು. ಸಿಗ್ನಲ್ ಸಿಗಬೇಕು, ಅದೊಂದು ಕಷ್ಟ. ನಾನು ದೊಡ್ಡ ಫೈಲುಗಳನ್ನು ಕಾಲೇಜಿನ ಲೈಬ್ರರಿಯಲ್ಲಿ ಇಳಿಸಿಕೊಂಡು, ಮನೆಗೆ ಬಂದು ಮೊಬೈಲಿನ ಶೀಟ್ಸ್‌ನಲ್ಲಿ ತೆರೆಯುತ್ತೇನೆ.

ಈಗ ನಾನು ಮಾಡಿದ ಎರಡನೇ ಪ್ರಾಜೆಕ್ಟಿನ ಕಥೆ ಕೇಳಿ. ನಮ್ಮ ಬೆಟ್ಟದ ಮೇಲೆಯೇ ಇರುವ ನೆಂಟರ ಊರೊಂದನ್ನು ಆರಿಸಿಕೊಂಡೆ. ಊರಿನ ಹೆಸರು ಬೇಡ, ಯಾಕೆ ಬೇಡ ಎಂದು ಆಮೇಲೆ ಹೇಳುತ್ತೇನೆ. ವಿಷಯ ಕುಡಿಯುವ ನೀರು. ಕೈಪಿಡಿಯಲ್ಲಿ ಆ ಊರಿನ ಸಾಲು ಹುಡುಕಿದೆ. ನಲ್ಲಿ ನೀರು: ಇದೆ. ಬರೆದುಕೊಂಡೆ. ಸಂತೋಷವಾಯಿತು, ಯಾಕೆಂದರೆ ಈ ಸಲ “ಎಲ್ಲಿಂದ ಬಂತು” ಎಂದರೆ ಹೇಳಲು ಉತ್ತರ ಇತ್ತು.

ಆ ಊರಿನಲ್ಲಿ ನಮ್ಮ ಸೋದರತ್ತೆ ಇದ್ದಾರೆ. ಅವರಿಗೆ ಓದಿ ಹೇಳಿದೆ. ಅತ್ತೆ ನಕ್ಕರು. “ನಲ್ಲಿ ಅದ ಕೂಸೆ, ಯಾರ್ ಇಲ್ಲ ಅಂದರು? ಊರೊಳಗ ಅದ. ನಮ್ ಬೀದಿಗ ಎಲ್ಲಿತ್ತು ಆವಾಗ? ನಾವು ಬಾವಿಗೇ ಹೋಯ್ತಿದ್ದೊ.”

ಅತ್ತೆ ಹೇಳಿದ್ದೂ ನಿಜ, ಪುಸ್ತಕದಲ್ಲಿರುವುದೂ ಸುಳ್ಳಲ್ಲ. ಹೇಗೆ? ಆ ಕೈಪಿಡಿಯಲ್ಲಿ ‘ಇದೆ’ ಎಂದರೆ ಆ ಕಂದಾಯ ಗ್ರಾಮದೊಳಗೆ ಎಲ್ಲಾದರೂ ಇದೆ ಎಂದು ಅರ್ಥ. ಊರಿನ ಮುಂದೆ ಒಂದು ನಲ್ಲಿ ಇದ್ದರೂ ‘ಇದೆ’. ಪ್ರತಿ ಮನೆಗೂ ಇದ್ದರೂ ‘ಇದೆ’. ಕೇರಿಯಲ್ಲಿ ಒಂದೂ ಇಲ್ಲದಿದ್ದರೂ ‘ಇದೆ’. ಕೇರಿಗೆ, ಕಾಲೋನಿಗೆ ಬೇರೆ ಸಾಲು ಇಲ್ಲ. ಊರು ಎಂದು ಬರೆದಾಗ ನಾವೂ ಅದರೊಳಗೆ ಸೇರಿಬಿಟ್ಟಿರುತ್ತೇವೆ. ಬಾವಿಗೆ, ದೇವಸ್ಥಾನಕ್ಕೆ ಸೇರಿಸಿಕೊಳ್ಳದವರು ಲೆಕ್ಕದಲ್ಲಿ ಮಾತ್ರ ಸೇರಿಸಿಕೊಂಡಿದ್ದಾರೆ!

ಇನ್ನೊಂದು ನೋಡಿ. ಊರಿನ ಸಾಲಿನಲ್ಲಿ ಪರಿಶಿಷ್ಟ ಜಾತಿಯವರು ಎಷ್ಟು ಎಂದು ಇದೆ, ಓದು ಬಲ್ಲವರು ಎಷ್ಟು ಎಂದೂ ಇದೆ. ಆದರೆ ಆ ಓದು ಬಲ್ಲವರಲ್ಲಿ ನಮ್ಮವರು ಎಷ್ಟು ಎನ್ನುವುದು ಅದೇ ಸಾಲಿನಲ್ಲಿ ಕಾಣುವುದಿಲ್ಲ. ಎರಡು ಸಂಖ್ಯೆ ಅಕ್ಕಪಕ್ಕ ಇವೆ, ಆದರೆ ಒಂದಕ್ಕೊಂದು ಮಾತಾಡುವುದಿಲ್ಲ.

ನಾನು ಆಗ ಆವೇಶದಲ್ಲಿ “ಸರ್ಕಾರದ ಲೆಕ್ಕವೇ ಸುಳ್ಳು” ಎಂದು ಬರೆಯಲು ಹೋದೆ. ಆದರೆ ಹಾಗೆ ಬರೆದರೆ ನಾನೂ ತಪ್ಪು ಮಾಡಿದಂತೆ. ಯಾಕೆಂದರೆ ಆ ಲೆಕ್ಕ 2011ರದ್ದು, ನಾನು ಕೇಳುತ್ತಿರುವುದು ಈಗ. ಅಷ್ಟು ವರ್ಷದ ಹಿಂದೆ ಹೇಗಿತ್ತು ಎಂದು ಕೇಳಬೇಕು. ಇಸವಿ ಹೇಳಿದರೆ ಯಾರಿಗೂ ನೆನಪಾಗುವುದಿಲ್ಲ. “ನಿಮ್ಮ ದೊಡ್ಡ ಮಗಳ ಮದುವೆ ಆದಾಗ ನಲ್ಲಿ ಇತ್ತಾ?” ಎಂದರೆ ಹೇಳುತ್ತಾರೆ. ಹಾಗೆ ಕೇಳಿಕೊಂಡು ಹೋದೆ. ನಾನು ಅಂದುಕೊಂಡಿದ್ದು ಒಂದು ಕಡೆ ತಪ್ಪೂ ಆಯಿತು. ಈಗಲೂ ಬೀದಿಗೆ ನಲ್ಲಿ ಇಲ್ಲ ಎಂದೇ ತಿಳಿದಿದ್ದೆ. ನಲ್ಲಿ ಬಂದಿದೆ. ಆದರೆ ನೀರು ಬಿಡುವಾಗ ಈ ಬೀದಿಗೆ ಕಡೇ ಪಾಳಿ, ಅಷ್ಟೊತ್ತಿಗೆ ಟ್ಯಾಂಕ್ ಖಾಲಿ ಆಗುತ್ತಿರುತ್ತದೆ ಎಂದರು. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ನಿನ ತಾಣದಲ್ಲಿ ಊರುವಾರು ಎಷ್ಟು ಮನೆಗೆ ನಲ್ಲಿ ಸಂಪರ್ಕ ಕೊಟ್ಟಿದ್ದಾರೆ ಎಂದು ನೋಡಬಹುದು. ಆದರೆ ಸಂಪರ್ಕ ಬೇರೆ, ನೀರು ಬೇರೆ. ಬಿಂದಿಗೆ ತುಂಬುವುದು ನೀರಿನಿಂದ. ಇದನ್ನೂ ಬರೆದೆ. ನನಗೆ ಅನುಕೂಲವಾದದ್ದನ್ನು ಮಾತ್ರ ಬರೆಯುವುದಾದರೆ ಪ್ರಾಜೆಕ್ಟ್ ಯಾಕೆ, ಭಾಷಣ ಸಾಕು.

ಆದ್ದರಿಂದ ತಮ್ಮಂದಿರೆ, ತಂಗಿಯರೆ, ಯಾವ ಸಂಖ್ಯೆ ಸಿಕ್ಕಿದರೂ ಅದಕ್ಕೆ ನಾಲ್ಕು ಪ್ರಶ್ನೆ ಕೇಳಿ. ಯಾರು ಎಣಿಸಿದರು? ಯಾವಾಗ ಎಣಿಸಿದರು? ಯಾರನ್ನು ಎಣಿಸಿದರು, ಯಾರನ್ನು ಬಿಟ್ಟರು? ‘ಇದೆ’, ‘ಕೆಲಸ’, ‘ಮನೆ’ ಎಂದರೆ ಅವರ ಪ್ರಕಾರ ಏನು ಅರ್ಥ? ಒಂದು ಉದಾಹರಣೆ ಹೇಳುತ್ತೇನೆ. ಜನಗಣತಿಯಲ್ಲಿ ವರ್ಷಕ್ಕೆ ಆರು ತಿಂಗಳು ಅಥವಾ ಹೆಚ್ಚು ಕೆಲಸ ಮಾಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆ ಮಾಡಿದವರು ಅಲ್ಪಾವಧಿ ಕೆಲಸಗಾರರು. ಮಳೆ ಕೈಕೊಟ್ಟ ವರ್ಷ, ಆನೆ ಹಂದಿ ಕಾಟಕ್ಕೆ ಹೊಲವನ್ನೇ ಬಿಟ್ಟ ವರ್ಷ ನಮ್ಮ ಕೂಲಿ ಅವ್ವಂದಿರು ಯಾವ ಕಾಲಮ್ಮಿಗೆ ಬರುತ್ತಾರೆ? ಯೋಚನೆ ಮಾಡಿ. ಇನ್ನೊಂದು, ಕಾನೂನಿನ ಪ್ರಕಾರ ಹಿಂದೂ, ಸಿಖ್, ಬೌದ್ಧರನ್ನು ಮಾತ್ರ ಪರಿಶಿಷ್ಟ ಜಾತಿ ಎಂದು ಎಣಿಸುತ್ತಾರೆ. ಅದೇ ಬೀದಿಯಲ್ಲಿ, ಅದೇ ಕಷ್ಟದಲ್ಲಿ ಇರುವ ಕ್ರೈಸ್ತ ಕುಟುಂಬ ಆ ಕಾಲಮ್ಮಿನಲ್ಲಿ ಇರುವುದಿಲ್ಲ.

ಹೆಸರಿನ ಗೊಂದಲಕ್ಕೆ ಪಕ್ಕದ ರಾಜ್ಯವನ್ನೇ ನೋಡಿ. ಕರ್ನಾಟಕದಲ್ಲಿ ಒಳಮೀಸಲಾತಿಗೆ ಲೆಕ್ಕ ಬೇಕಾಯಿತು. ಹಳೇ ದಾಖಲೆಗಳಲ್ಲಿ ಬಹಳ ಜನ ‘ಆದಿ ಕರ್ನಾಟಕ’, ‘ಆದಿ ದ್ರಾವಿಡ’ ಎಂದು ಬರೆಸಿದ್ದರು. ಆ ಹೆಸರಿನೊಳಗೆ ಯಾರು ಹೊಲೆಯರು, ಯಾರು ಮಾದಿಗರು ಎಂದು ತಿಳಿಯುತ್ತಿರಲಿಲ್ಲ. 2025ರಲ್ಲಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗ ಮನೆಮನೆಗೆ ಹೋಗಿ ಹೊಸದಾಗಿ ಕೇಳಬೇಕಾಯಿತು. ಒಂದು ಕಾಲಮ್ಮಿನಲ್ಲಿ ಏನು ಬರೆಸುತ್ತೇವೆ ಎನ್ನುವುದರ ಮೇಲೆ ಮುಂದಿನ ಪೀಳಿಗೆಯ ಪಾಲು ನಿಂತಿರುತ್ತದೆ.

ನಮ್ಮ ತಾಳವಾಡಿ ಸೀಮೆಯವರಿಗೆ ಇನ್ನೂ ಕೆಲವು ತೊಡಕುಗಳಿವೆ. 2011ರ ಪುಸ್ತಕದಲ್ಲಿ ತಾಳವಾಡಿ ತಾಲ್ಲೂಕು ಎಂದು ಹುಡುಕಿದರೆ ಸಿಗುವುದಿಲ್ಲ. ಆಗ ನಾವು ಸತ್ಯಮಂಗಲ ತಾಲ್ಲೂಕಿನೊಳಗೆ ಇದ್ದೆವು. ತಾಲ್ಲೂಕಿನ ಸರಾಸರಿ ತೆಗೆದುಕೊಂಡರೆ ದಿಂಬಂ ಘಾಟಿಯ 27 ತಿರುವು ಇಳಿದ ಮೇಲೆ ಸಿಗುವ ಬಯಲುಸೀಮೆಯೂ, ಬೆಟ್ಟದ ಮೇಲಿನ ನಾವೂ ಒಂದೇ ಆಗಿಬಿಡುತ್ತೇವೆ. ಅಲ್ಲಿ ಇರುವ ಆಸ್ಪತ್ರೆ, ಕಾಲೇಜು ನಮಗೂ ಇದ್ದಂತೆ ಕಾಣುತ್ತದೆ. ಆದ್ದರಿಂದ ನಮ್ಮ ಬೆಟ್ಟದ ಊರುಗಳನ್ನು ಒಂದೊಂದಾಗಿ ಆರಿಸಿ, ಕೂಡಿಸಿ, ತಾಳವಾಡಿಯ ಲೆಕ್ಕವನ್ನು ನಾವೇ ಕಟ್ಟಿಕೊಳ್ಳಬೇಕು. ಹಳೇ ಜನಗಣತಿ ನೋಡುವವರು ಇನ್ನೊಂದು ನೆನಪಿಡಿ. 1979ರಲ್ಲಿ ಜಿಲ್ಲೆ ಬೇರೆ ಆಗುವ ಮುಂಚೆ ನಾವು ಕೊಯಮತ್ತೂರು ಜಿಲ್ಲೆಯವರು. ಅಲ್ಲಿ ಹುಡುಕಬೇಕು.

ಊರಿನ ಹೆಸರಿನದೂ ಹಾಗೇ. ನಾವು ತಿಗನಾರೆ ಎನ್ನುತ್ತೇವೆ. ತಮಿಳಿನಲ್ಲಿ ಬರೆಯುವುದು ಬೇರೆ, ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ. ಹೆಸರು ನಂಬಿಕೊಂಡು ಹುಡುಕಿದರೆ ನಮ್ಮೂರು ನಮಗೇ ಸಿಗುವುದಿಲ್ಲ. ಜನಗಣತಿಯಲ್ಲಿ ಪ್ರತಿ ಊರಿಗೂ ಆರು ಅಂಕಿಯ ಒಂದು ಕೋಡ್ ಇದೆ. ಒಂದು ಸಲ ಹುಡುಕಿ ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಭಾಷೆ. ಲೆಕ್ಕ ಇಂಗ್ಲಿಷಿನಲ್ಲಿ, ಕಚೇರಿ ತಮಿಳಿನಲ್ಲಿ, ನಾವು ಮಾತಾಡುವುದು ಕನ್ನಡದಲ್ಲಿ. ಈ ಮೂರರ ನಡುವೆ ಓಡಾಡಬಲ್ಲವರು ಯಾರು? ನಮ್ಮ ಬೀದಿಯ ಮಕ್ಕಳೇ. ಇದು ನಮ್ಮ ಕಷ್ಟವೂ ಹೌದು, ನಮ್ಮ ಬಲವೂ ಹೌದು.

“ಇದೆಲ್ಲ ದೊಡ್ಡವರ ಕೆಲಸ, ಡಿಗ್ರಿ ಓದುವ ಮಕ್ಕಳಿಗೆ ಯಾಕೆ?” ಎಂದು ಕೆಲವರು ಕೇಳಬಹುದು. ಅದಕ್ಕೆ ಬಾಬಾಸಾಹೇಬರನ್ನೇ ನೆನೆಯುತ್ತೇನೆ. ‘ಭಾರತದಲ್ಲಿ ಜಾತಿಗಳು’ ಎಂಬ ಅವರ ಪ್ರಬಂಧ ಏನು ಗೊತ್ತೆ? 1916ರ ಮೇ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಒಂದು ಸೆಮಿನಾರಿನಲ್ಲಿ ವಿದ್ಯಾರ್ಥಿಯಾಗಿ ಓದಿದ್ದು. ಆಗ ಅವರಿಗೆ 25 ವರ್ಷ. ನಾವು ಇಲ್ಲಿ ಕೂತಿರುವವರ ವಯಸ್ಸೇ. ಮೂರು ವರ್ಷ ಆದ ಮೇಲೆ, 1919ರಲ್ಲಿ, ಸೌತ್‌ಬರೋ ಸಮಿತಿಯ ಮುಂದೆ ಹೋಗಿ ಅಸ್ಪೃಶ್ಯರಿಗೆ ಪ್ರಾತಿನಿಧ್ಯ ಬೇಕು ಎಂದಾಗ ಬರೀ ಕೈಯಲ್ಲಿ ಹೋಗಲಿಲ್ಲ, ಜನಸಂಖ್ಯೆಯ ಲೆಕ್ಕ ಇಟ್ಟುಕೊಂಡು ಹೋದರು. 1948ರ ‘ಅಸ್ಪೃಶ್ಯರು’ ಪುಸ್ತಕದಲ್ಲಿ ಅವರು 1911ರ ಜನಗಣತಿಯನ್ನು ಎತ್ತಿಕೊಳ್ಳುತ್ತಾರೆ. ಆ ಗಣತಿಯಲ್ಲಿ ಯಾರು ಪೂರ್ತಿ ಹಿಂದೂ, ಯಾರು ಅಲ್ಲ ಎಂದು ತಿಳಿಯಲು ಹತ್ತು ಪರೀಕ್ಷೆ ಇಟ್ಟಿದ್ದರು. ದೇವಸ್ಥಾನದೊಳಗೆ ಬಿಡುತ್ತಾರೆಯೇ, ಮುಟ್ಟಿದರೆ ಮೈಲಿಗೆಯೇ ಎನ್ನುವಂಥವು. ಗಣತಿಯವರು ಯಾವ ಉದ್ದೇಶಕ್ಕೆ ಕೇಳಿದ್ದರೋ, ಬಾಬಾಸಾಹೇಬರು ಆ ಉತ್ತರವನ್ನು ಅಸ್ಪೃಶ್ಯತೆ ಎಲ್ಲಿಂದ ಬಂತು ಎಂದು ಹುಡುಕಲು ಬಳಸಿಕೊಂಡರು. ಬೇರೆಯವರು ಮಾಡಿದ ಲೆಕ್ಕಕ್ಕೆ ನಮ್ಮ ಪ್ರಶ್ನೆ ಹಾಕುವುದು ಎಂದರೆ ಇದೇ.

ಸಮುದ್ರದ ಆಚೆಯ ಒಂದು ಮಾತನ್ನೂ ಹೇಳಬೇಕು. ಅಮೆರಿಕದಲ್ಲಿ ಡಬ್ಲ್ಯು.ಇ.ಬಿ. ಡುಬಾಯ್ಸ್ ಎಂಬ ಕರಿಯ ವಿದ್ವಾಂಸರು ಇದ್ದರು. ಫಿಲಡೆಲ್ಫಿಯಾ ನಗರದ ಕರಿಯರ ಬೀದಿಗಳಲ್ಲಿ ಮನೆಮನೆಗೆ ತಾವೇ ನಡೆದು ಹೋಗಿ ಕೇಳಿ, 1899ರಲ್ಲಿ ಪುಸ್ತಕ ಬರೆದರು. 1900ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಅಟ್ಲಾಂಟಾ ವಿಶ್ವವಿದ್ಯಾಲಯದ ತಮ್ಮ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಕರಿಯರ ಜಮೀನು, ಓದು, ಕೆಲಸದ ಲೆಕ್ಕವನ್ನು ಬಣ್ಣದ ಚಿತ್ರಗಳಾಗಿ ಕೈಯಲ್ಲಿ ಬರೆದು ಕಳಿಸಿದರು. ಸರ್ಕಾರದ ಜನಗಣತಿಯ ಅಂಕಿಗಳನ್ನೂ ಅದರಲ್ಲಿ ಬಳಸಿದ್ದರು. ಆ ಚಿತ್ರಗಳು ಈವತ್ತು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಇವೆ. ಇದೇ ಡುಬಾಯ್ಸ್ ಅವರಿಗೆ 1946ರಲ್ಲಿ ನಮ್ಮ ಬಾಬಾಸಾಹೇಬರು ಕಾಗದ ಬರೆದಿದ್ದರು, ಅವರೂ ಉತ್ತರ ಬರೆದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಆ ಕಾಗದಗಳನ್ನು ಎಲ್ಲರೂ ನೋಡುವಂತೆ ಹಾಕಿದ್ದಾರೆ. ನಾನು ಮೊಬೈಲಿನಲ್ಲಿ ನೋಡಿದೆ. ಮುಕ್ತ ದತ್ತಾಂಶ ಎಂದರೆ ಬರೀ ಅಂಕಿಯಲ್ಲ, ಇಂಥ ಕಾಗದವೂ ಅದೇ.

ಈಗ ಸಂಶೋಧಕರು ಬಿಟ್ಟುಕೊಟ್ಟಿರುವ ದತ್ತಾಂಶದ ಒಂದು ಉದಾಹರಣೆ. ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ ಎಂದು ಇದೆ. ದೆಹಲಿಯ ಎನ್‌ಸಿಎಇಆರ್ ಸಂಸ್ಥೆ ಮತ್ತು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಸೇರಿ ಮಾಡಿದ್ದು. 2011-12ರ ಎರಡನೇ ಸುತ್ತಿನಲ್ಲಿ 42,152 ಮನೆಗಳಿಗೆ ಹೋಗಿದ್ದರು. ಅದರಲ್ಲಿ ಒಂದು ಪ್ರಶ್ನೆ: ನಿಮ್ಮ ಮನೆಯಲ್ಲಿ ಯಾರಾದರೂ ಅಸ್ಪೃಶ್ಯತೆ ಆಚರಿಸುತ್ತೀರಾ? ಇಲ್ಲ ಎಂದವರಿಗೆ ಇನ್ನೊಂದು ಪ್ರಶ್ನೆ: ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಯೊಳಗೆ ಬಂದು ಪಾತ್ರೆ ಬಳಸಿದರೆ ಆಗುತ್ತದೆಯೇ? ಎರಡನ್ನೂ ಸೇರಿಸಿ ನೋಡಿದರೆ ನೂರಕ್ಕೆ ಸುಮಾರು 27 ಮನೆಗಳು ಯಾವುದೋ ಒಂದು ರೀತಿಯಲ್ಲಿ ಅಸ್ಪೃಶ್ಯತೆ ಇದೆ ಎಂದು ತಾವೇ ಒಪ್ಪಿಕೊಂಡವು. ಎರಡನೇ ಪ್ರಶ್ನೆಯ ಬುದ್ಧಿವಂತಿಕೆ ನೋಡಿ. ‘ಅಸ್ಪೃಶ್ಯತೆ’ ಎಂಬ ಪದ ಹೇಳಿದರೆ “ಛೇ, ನಮ್ಮಲ್ಲಿ ಇಲ್ಲ” ಎನ್ನುತ್ತಾರೆ. ಅಡುಗೆಮನೆ, ಪಾತ್ರೆ ಎಂದು ಕೇಳಿದಾಗ ಹೊರಬರುತ್ತದೆ. ನಾವು ಪ್ರಶ್ನೆ ತಯಾರು ಮಾಡುವಾಗ ಇದನ್ನು ಕಲಿಯಬೇಕು.

ಆದರೆ ಈ 27ನ್ನು ತಂದು “ನಮ್ಮೂರಲ್ಲಿ ನೂರಕ್ಕೆ 27” ಎಂದು ಬರೆದರೆ ತಪ್ಪು. ಅದು ಇಡೀ ದೇಶದ ಲೆಕ್ಕ, ಅದೂ ಆರಿಸಿದ ಮನೆಗಳದ್ದು. ಮತ್ತೆ ಇದು ಆಚರಿಸುವವರು ಕೊಟ್ಟ ಉತ್ತರ, ಅನುಭವಿಸಿದವರು ಕೊಟ್ಟದ್ದಲ್ಲ. ಟೀ ಅಂಗಡಿಯ ಮುಂದೆ ನಿಂತವರನ್ನು ಕೇಳಿದರೆ ಯಾವ ಸಂಖ್ಯೆ ಬರುತ್ತಿತ್ತೋ! ಆ ಲೆಕ್ಕ ಬೇಕಾದರೆ ನಾವೇ ಮಾಡಬೇಕು.

ನಾವೇ ಮಾಡುವಾಗ ಜಾಗ್ರತೆ ಬೇಕು. ಮುಂಚೆ ನೆಂಟರ ಊರಿನ ಹೆಸರು ಬೇಡ ಎಂದೆನಲ್ಲ, ಅದಕ್ಕೆ ಕಾರಣ ಇದು. ನಾವು ಬರೆದ ಕಾಗದ ಎಲ್ಲೆಲ್ಲಿಗೋ ಹೋಗುತ್ತದೆ. “ನೀರು ಬಿಡುವವನು ಹೀಗೆ ಮಾಡುತ್ತಾನೆ” ಎಂದು ಅತ್ತೆ ಹೇಳಿದ್ದನ್ನು ಹೆಸರು ಹಾಕಿ ಬರೆದರೆ, ಪ್ರಾಜೆಕ್ಟಿಗೆ ನನಗೆ ಮಾರ್ಕ್ಸ್ ಬರುತ್ತದೆ, ಮಾರನೇ ದಿನ ಅತ್ತೆಗೆ ಕೂಲಿ ಸಿಗುವುದಿಲ್ಲ. ಆದ್ದರಿಂದ ಹೆಸರು ಬರೆಯಬೇಡಿ, ಮನೆ ಒಂದು, ಮನೆ ಎರಡು ಎಂದು ಹಾಕಿ. ಐದಾರೇ ಮನೆ ಇರುವ ಬೀದಿಯಾದರೆ ನಂಬರ್ ಹಾಕಿದರೂ ಗೊತ್ತಾಗಿಬಿಡುತ್ತದೆ, ಆಗ ಸೇರಿಸಿ ಬರೆಯಿರಿ. ಯಾಕೆ ಕೇಳುತ್ತಿದ್ದೇವೆ ಎಂದು ಮೊದಲೇ ಹೇಳಿ. ಬೇಡ ಎಂದರೆ ಕೈ ಮುಗಿದು ಎದ್ದು ಬನ್ನಿ. ಕೇಳದೆ ಫೋಟೋ ತೆಗೆಯಬೇಡಿ. ಊರಿನ ಲೆಕ್ಕ ಎಲ್ಲರಿಗೂ ತೆರೆದಿರಲಿ, ಮನೆಯ ಗುಟ್ಟು ಮನೆಯಲ್ಲೇ ಇರಲಿ.

ಇನ್ನು ಬರೆಯುವ ರೀತಿ. ಪ್ರತಿ ಸಂಖ್ಯೆಯ ಕೆಳಗೂ ನಾಲ್ಕು ಮಾತು ಬರೆಯಿರಿ: ಯಾರು ಪ್ರಕಟಿಸಿದ್ದು, ಯಾವ ವರ್ಷದ್ದು, ಯಾವ ತಖ್ತೆ, ನಾವು ಯಾವ ದಿನ ಇಳಿಸಿಕೊಂಡೆವು. ಅವರು ಕೊಟ್ಟ ಫೈಲನ್ನು ತಿದ್ದದೆ ಹಾಗೇ ಒಂದು ಕಡೆ ಇಡಿ, ನಮ್ಮ ಲೆಕ್ಕಾಚಾರವನ್ನು ಇನ್ನೊಂದು ಫೈಲಿನಲ್ಲಿ ಮಾಡಿ. ತಪ್ಪಾದರೆ ತಿರುಗಿ ನೋಡಬಹುದು. ಎಲ್ಲೂ ಸಿಗದ ಲೆಕ್ಕಕ್ಕೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ, ಅರ್ಜಿ ಹಾಕಬಹುದು.

ಮುಗಿಸುವ ಮುಂಚೆ ಸಂಘದ ಅಣ್ಣಂದಿರಿಗೆ ಎರಡು ಬೇಡಿಕೆ.

ಒಂದು, ನಮ್ಮ ಬೀದಿಯಿಂದ ಕಾಲೇಜಿಗೆ ಹೋದವರ ಪ್ರಾಜೆಕ್ಟುಗಳು ಎಲ್ಲಿವೆ? ಮಾರ್ಕ್ಸ್ ಬಂದ ಮೇಲೆ ಕಾಲೇಜಿನ ಮೂಲೆಯಲ್ಲಿ ಬಿದ್ದಿರುತ್ತವೆ, ಇಲ್ಲ ರದ್ದಿಗೆ ಹೋಗುತ್ತವೆ. ಇನ್ನು ಮುಂದೆ ಪ್ರತಿಯೊಬ್ಬರೂ ಒಂದು ಪ್ರತಿಯನ್ನು ಸಂಘದ ಕೊಠಡಿಯಲ್ಲಿ ಇಡಬೇಕು. ಜೊತೆಗೆ ಬೀದಿಯವರನ್ನು ಕೂರಿಸಿಕೊಂಡು ಕನ್ನಡದಲ್ಲಿ ಓದಿ ಹೇಳಬೇಕು. ಬರೆದುಕೊಂಡು ಹೋದವರು ತಿರುಗಿ ಬಂದು ಹೇಳಲಿಲ್ಲ ಎಂದು ನಮ್ಮವ್ವ ಅಂದರಲ್ಲ, ಆ ಮಾತು ನಮ್ಮ ಮೇಲೂ ಬರಬಾರದು. ಇದೇ ಪ್ರತಿಗಳು ಮುಂದಿನ ಮಕ್ಕಳಿಗೆ ಮುಕ್ತ ದತ್ತಾಂಶ. ಪಂಚಾಯಿತಿಯ ಗ್ರಾಮಸಭೆಗೆ ಹೋಗುವಾಗಲೂ “ನೀರು ಬರಲ್ಲ ಸ್ವಾಮಿ” ಎನ್ನುವುದಕ್ಕಿಂತ, ಯಾವ ಬೀದಿಗೆ ಯಾವ ದಿನ ಎಷ್ಟು ಹೊತ್ತು ಬಂತು ಎಂದು ಬರೆದ ಕಾಗದ ಇಟ್ಟರೆ ಉತ್ತರ ಹೇಳಲೇಬೇಕಾಗುತ್ತದೆ.

ಎರಡು, ಹೊಸ ಜನಗಣತಿ. 2021ರಲ್ಲಿ ಆಗಬೇಕಿದ್ದುದು ಆಗಲಿಲ್ಲ. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟು ಗಣತಿ ಮಾಡುವುದಾಗಿ, ಅದರಲ್ಲಿ ಎಲ್ಲ ಜಾತಿಗಳನ್ನೂ ಎಣಿಸುವುದಾಗಿ ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿದೆ. ಗಣತಿಯವರು ಮನೆಗೆ ಬರುವ ಹೊತ್ತಿಗೆ ನಾವು ಕೂಲಿಗೆ ಹೋಗಿದ್ದರೆ ಪಕ್ಕದವರು ಹೇಳಿದ್ದೇ ನಮ್ಮ ಲೆಕ್ಕ ಆಗಬಾರದು. ಮಾತೃಭಾಷೆ ಏನು, ಜಾತಿ ಏನು, ಕೆಲಸ ಏನು ಎಂದು ಕೇಳಿದಾಗ ಏನು ಹೇಳಬೇಕು ಎನ್ನುವುದನ್ನು ಮನೆಮನೆಯಲ್ಲೂ ಮೊದಲೇ ಮಾತಾಡಿಕೊಳ್ಳೋಣ. ನಮ್ಮ ಓದುವ ಮಕ್ಕಳು ಆ ದಿನಗಳಲ್ಲಿ ಬೀದಿಯಲ್ಲಿ ಇದ್ದು ಹಿರಿಯರಿಗೆ ಸಹಾಯ ಮಾಡಲಿ. ಈಗ ಸರಿಯಾಗಿ ಬರೆಸಿದರೆ ಮುಂದೆ ಸರಿಯಾಗಿ ತೆಗೆದು ನೋಡಬಹುದು.

ಓದು ಎಂದರೆ ಬೇರೆಯವರು ನಮ್ಮ ಬಗ್ಗೆ ಬರೆದದ್ದನ್ನು ಬಾಯಿಪಾಠ ಮಾಡುವುದಲ್ಲ. ಅವರು ಬರೆದದ್ದನ್ನು ತೆಗೆದು, ನಮ್ಮ ಬೀದಿಗೆ ತಂದು, “ಅವ್ವ, ಇದು ಸರಿಯಾ?” ಎಂದು ಕೇಳುವುದು. ಈ ಭಾಷಣ ಮುಗಿಸಿ ಮನೆಗೆ ಹೋದ ಮೇಲೆ ನಾನು ನಮ್ಮೂರಿನ ಸಾಲನ್ನು ನಮ್ಮವ್ವನಿಗೆ ಓದಿ ಹೇಳಬೇಕು ಅಂತಿದ್ದೇನೆ. ಅವ್ವ ಏನು ಹೇಳುತ್ತಾರೋ ಅದೇ ನನ್ನ ಕೊನೇ ವರ್ಷದ ಪ್ರಾಜೆಕ್ಟಿನ ಮೊದಲ ಪುಟ.



ಜೈ ಭೀಮ್.